ಟೈಲ್ಸ್ ಎಷ್ಟು ನೀರು ಹೀರುತ್ತದೆ ಎಂದು ಕಸ್ಟಮ್ಸ್ ಏಕೆ ಕೇಳುತ್ತದೆ?

1865ರಲ್ಲಿ ಬಾಸೆಲ್ ಮಿಶನ್ ನೇತ್ರಾವತಿಯ ದಂಡೆಯಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರಿನ ಕೆಂಪು ಹಂಚು ಹಡಗೇರಿ ಹೊರದೇಶಗಳಿಗೆ ಹೋಯಿತು. ಇಂದು ನೆಲಕ್ಕೂ ಗೋಡೆಗೂ ಹಾಕುವ ಟೈಲ್ಸ್ ಹೊರಗಿನಿಂದಲೂ ದೇಶಕ್ಕೆ ಬರುತ್ತದೆ. ಸೀಮಾ ಸುಂಕದ ಪಟ್ಟಿಯಲ್ಲಿ ಇವೆರಡಕ್ಕೂ ಒಂದೇ ಮನೆ: ಆಕಾರ ಕೊಟ್ಟ ಮೇಲೆ ಸುಟ್ಟ ಸೆರಾಮಿಕ್ ವಸ್ತುಗಳ 69ನೇ ಅಧ್ಯಾಯ. ಆದರೆ ಕೋಣೆ ಬೇರೆ. ಮಾಡಿನ ಹಂಚು 6905 ಎಂಬ ಶೀರ್ಷಿಕೆಗೆ, ನೆಲ ಮತ್ತು ಗೋಡೆಯ ಟೈಲ್ಸ್ 6907ಕ್ಕೆ ಸೇರುತ್ತವೆ. ನೋಡಲು ಟೈಲ್ಸಿನಂತೆಯೇ ಇರುವ ಸಿಮೆಂಟ್ ಬಿಲ್ಲೆಯನ್ನು ಸುಡುವುದಿಲ್ಲ. ಹಾಗಾಗಿ ಅದು 6810ಕ್ಕೆ ಹೋಗುತ್ತದೆ. ನಯ ಮಾಡಿದ ಅಮೃತಶಿಲೆಯ ಬಿಲ್ಲೆ 6802ಕ್ಕೆ. ಶೋರೂಮಿನವರು 'ಇಟಾಲಿಯನ್ ಮಾರ್ಬಲ್ ಫಿನಿಶ್' ಎಂದು ಎಷ್ಟೇ ಹೊಗಳಿದರೂ ಸುಟ್ಟ ಮಣ್ಣಿನ ಟೈಲ್ಸ್ ಕಲ್ಲಾಗುವುದಿಲ್ಲ. ವರ್ಗೀಕರಣ ಕೇಳುವುದು ಸರಕಿನ ಹೆಸರನ್ನಲ್ಲ, ಅದರ ಹುಟ್ಟನ್ನು ಮತ್ತು ಗುಣವನ್ನು.

ಈ ಮಾತು ನಿಜವಾಗಿ ಪಟ್ಟಿಯಲ್ಲಿ ಕಾಣಿಸಿಕೊಂಡದ್ದು 2017ರ ಜನವರಿಯಲ್ಲಿ. ಅಲ್ಲಿಯವರೆಗೆ ಮೆರುಗಿಲ್ಲದ ಟೈಲ್ಸ್ 6907, ಮೆರುಗಿದ್ದದ್ದು 6908. ಈ ಸಂಖ್ಯೆಗಳ ಮೂಲ ಪಟ್ಟಿಯನ್ನು ರೂಪಿಸುವ ವಿಶ್ವ ಕಸ್ಟಮ್ಸ್ ಸಂಘಟನೆ 6908ನ್ನೇ ತೆಗೆದುಹಾಕಿ ಎಲ್ಲವನ್ನೂ 6907ರೊಳಗೆ ತಂದಿತು. ಒಳಗಿನ ವಿಂಗಡಣೆಗೆ ನೀರನ್ನು ಅಳತೆಗೋಲಾಗಿಸಿತು. ಒಣಗಿಸಿ ತೂಗಿದ ಟೈಲ್ಸಿಗೆ ನೀರು ತುಂಬಿಸಿ ಮತ್ತೆ ತೂಗುತ್ತಾರೆ. ಒಂದು ಕಿಲೋ ತುಂಡು 5 ಗ್ರಾಂವರೆಗೆ, ಅಂದರೆ ಶೇ. 0.5ರಷ್ಟು ಹೀರಿದರೆ ಮೊದಲ ಉಪಶೀರ್ಷಿಕೆ. ಅದಕ್ಕೂ ಮೇಲೆ ಶೇ. 10ರವರೆಗೆ ಎರಡನೆಯದು; ಇನ್ನೂ ಹೆಚ್ಚಾದರೆ ಮೂರನೆಯದು. ಅತಿ ಸೂಕ್ಷ್ಮವೆನ್ನಿಸಿದರೂ ನನ್ನ ದೃಷ್ಟಿಯಲ್ಲಿ ಇದು ಹಳೆಯದಕ್ಕಿಂತ ನ್ಯಾಯವಾದ ಕ್ರಮ. ಮೆರುಗು ಮೇಲ್ಮೈಯ ಅಲಂಕಾರ. ಗಟ್ಟಿ ವಿಟ್ರಿಫೈಡ್ ಟೈಲ್ಸಿಗೂ ಅದನ್ನು ಬಳಿಯಬಹುದು, ಸಡಿಲ ಗೋಡೆ ಟೈಲ್ಸಿಗೂ ಬಳಿಯಬಹುದು. ಎಷ್ಟು ನೀರು ಹೀರುತ್ತದೆ ಎಂಬುದು ಮಾತ್ರ ಮಣ್ಣಿನ ಹದಕ್ಕೂ ಒಲೆಯ ಶಾಖಕ್ಕೂ ಕಟ್ಟುಬಿದ್ದದ್ದು. ಬಂದರಿನಲ್ಲಿ ಇಳಿದ ಮೇಲೆ ಅದನ್ನು ಬದಲಿಸುವಂತಿಲ್ಲ.

ಇಲ್ಲಿ ಒಂದು ಆಕ್ಷೇಪ ಸಹಜ. 2019ರ ಬಜೆಟ್ 6905 ಮತ್ತು 6907 ಎರಡಕ್ಕೂ ಮೂಲ ಸುಂಕವನ್ನು ಶೇ. 10ರಿಂದ 15ಕ್ಕೆ ಏರಿಸಿತು. ದರ ಒಂದೇ ಆದ ಮೇಲೆ ನೀರಿನ ಲೆಕ್ಕವೇಕೆ? ಉತ್ತರ ಮೂಲ ಸುಂಕದಲ್ಲಿಲ್ಲ, ಅದರ ಮೇಲೆ ಬೀಳುವ ಸುಂಕದಲ್ಲಿದೆ. ಚೀನಾದ ವಿಟ್ರಿಫೈಡ್ ಟೈಲ್ಸಿನ ಮೇಲೆ ಭಾರತ 2016ರಲ್ಲಿ ತಾತ್ಕಾಲಿಕವಾಗಿ, 2017ರಲ್ಲಿ ಅಂತಿಮವಾಗಿ ಆ್ಯಂಟಿ-ಡಂಪಿಂಗ್ ಸುಂಕ, ಅಂದರೆ ತೀರಾ ಅಗ್ಗದ ಬೆಲೆಗೆ ಸುರಿಯುವ ಸರಕನ್ನು ತಡೆಯುವ ಸುಂಕ, ಹೇರಿತು. ಅದು ತಗಲುತ್ತಿದ್ದದ್ದು ಶೇ. 3ಕ್ಕಿಂತ ಕಡಿಮೆ ನೀರು ಹೀರುವ ಟೈಲ್ಸಿಗೆ. ಈ ಗೆರೆ ಪಟ್ಟಿಯ ಯಾವ ಗೆರೆಯೊಂದಿಗೂ ಕೂಡುವುದಿಲ್ಲ. ಎರಡನೆಯ ಉಪಶೀರ್ಷಿಕೆಯಲ್ಲೇ ಶೇ. 2 ಹೀರುವ ಟೈಲ್ಸ್ ಈ ಸುಂಕಕ್ಕೆ ಸಿಕ್ಕಿಬಿದ್ದರೆ ಶೇ. 5 ಹೀರುವುದು ಪಾರಾಗುತ್ತಿತ್ತು. ಎಂಟು ಅಂಕಿಯ ಸಂಖ್ಯೆಯನ್ನು ಸರಿಯಾಗಿ ತುಂಬಿದೆ ಎಂದು ನೆಮ್ಮದಿಯಾಗಿರುವವರು ಎಡವುವುದು ಇಲ್ಲೇ. ಸಂಖ್ಯೆ ಬಾಗಿಲವರೆಗೆ ತಲುಪಿಸುತ್ತದೆ. ಎಷ್ಟು ತೆರಬೇಕೆಂಬುದನ್ನು ಅಧಿಸೂಚನೆಯ ವಿವರಣೆಯೂ ಪ್ರಯೋಗಾಲಯದ ವರದಿಯೂ ಹೇಳುತ್ತವೆ. ಎರಡು ಕಡೆ ಎರಡು ಗೆರೆ ಎಳೆದದ್ದು ಸರ್ಕಾರ ತಪ್ಪಿಸಬಹುದಾಗಿದ್ದ ಗೊಂದಲ ಎಂಬುದೂ ನಿಜ.

ಪರೀಕ್ಷೆಯ ಫಲಿತಾಂಶ ಬರುವವರೆಗೆ ಕಂಟೇನರ್ ನಿಂತರೆ ಬಾಡಿಗೆ ಕಟ್ಟುವವರು ಯಾರು ಎಂಬುದು ಇನ್ನೊಂದು ಆಕ್ಷೇಪ. ಸಣ್ಣ ಆಮದುದಾರರಿಗೆ ಇದು ಪೊಳ್ಳು ದೂರಲ್ಲ. ಆದರೆ 2011ರಿಂದ ಸುಂಕದ ಲೆಕ್ಕ ಮೊದಲು ಹಾಕಬೇಕಾದವರು ಆಮದುದಾರರೇ. ಆಮದಿನ ಘೋಷಣಾ ಪತ್ರವಾದ ಬಿಲ್ ಆಫ್ ಎಂಟ್ರಿಯಲ್ಲಿ ಬರೆದದ್ದಕ್ಕೆ ಅವರೇ ಹೊಣೆ. ಹಾಗಿರುವಾಗ ಸರಕು ಹಡಗು ಹತ್ತುವ ಮೊದಲೇ ತಯಾರಕರಿಂದ ನೀರು ಹೀರುವಿಕೆಯ ವರದಿ ತರಿಸಿಕೊಳ್ಳುವುದು ಬಂದರಿನ ಬಾಡಿಗೆಗಿಂತ ಅಗ್ಗ. ಕಾನೂನಿನ ಬಗ್ಗೆಯೇ ಅನುಮಾನವಿದ್ದರೆ ಕಸ್ಟಮ್ಸ್ ಮುಂಗಡ ತೀರ್ಪು ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು.

ಆಮದಿನ ಗೊಡವೆಯೇ ಇಲ್ಲದವರಿಗೂ ಈ ಸಂಖ್ಯೆಗಳು ತಪ್ಪಿದ್ದಲ್ಲ, ಏಕೆಂದರೆ ಜಿಎಸ್‌ಟಿ ಇದೇ ಪಟ್ಟಿಯನ್ನು ಎರವಲು ಪಡೆದಿದೆ. 2017ರ ಜುಲೈಯಲ್ಲಿ ಅದು ಜಾರಿಯಾದಾಗ ಮಣ್ಣಿನ ಹಂಚಿಗೆ ಶೇ. 5, ಸೆರಾಮಿಕ್ ಟೈಲ್ಸಿಗೆ ಶೇ. 28 ಇತ್ತು; ಟೈಲ್ಸಿನ ದರ ನವೆಂಬರಿನಲ್ಲಿ 18ಕ್ಕೆ ಇಳಿಯಿತು. ಹಂಚಿನ ಕಾರ್ಖಾನೆಯೊಂದು ಅದೇ ಜೇಡಿಯಿಂದ, ಅದೇ ಒಲೆಯಲ್ಲಿ ನೆಲಕ್ಕೆ ಹಾಸುವ ಕೆಂಪು ಬಿಲ್ಲೆಯನ್ನೂ ಸುಟ್ಟರೆ ಅದು 6905 ಆಗುವುದಿಲ್ಲ, 6907ಕ್ಕೆ ಸೇರುತ್ತದೆ. ಬಿಲ್ಲಿನಲ್ಲಿ 'ಹಂಚು' ಎಂದು ಬರೆದ ಮಾತ್ರಕ್ಕೆ ತೆರಿಗೆ ಇಳಿಯುವುದಿಲ್ಲ.