ಬೆಳಕು ವಸ್ತುವನ್ನು ಸೆಳೆಯಬಲ್ಲದೆ? ಸೆಳೆಕಿರಣದ ಭೌತವಿಜ್ಞಾನ

ವೈಜ್ಞಾನಿಕ ಕಥಾಸಾಹಿತ್ಯದಿಂದ ವಿಜ್ಞಾನದ ಪ್ರಯೋಗಾಲಯವನ್ನು ಪ್ರವೇಶಿಸಿದ ಪದಗಳಲ್ಲಿ ‘ಟ್ರ್ಯಾಕ್ಟರ್ ಬೀಮ್’ ಎಂಬುದೂ ಒಂದು. ಅಮೆರಿಕದ ಲೇಖಕ ಇ.ಇ. ಸ್ಮಿತ್ 1931ರಲ್ಲಿ ಪ್ರಕಟಿಸಿದ ‘ಸ್ಪೇಸ್‌ಹೌಂಡ್ಸ್ ಆಫ್ ಐಪಿಸಿ’ ಎಂಬ ಕಥನದಲ್ಲಿ ಬಳಕೆಯಾದ ಈ ಪದವನ್ನು, 1966ರಲ್ಲಿ ಆರಂಭಗೊಂಡ ‘ಸ್ಟಾರ್ ಟ್ರೆಕ್’ ದೂರದರ್ಶನ ಧಾರಾವಾಹಿ ಮನೆಮಾತಾಗಿಸಿತು. ಒಂದು ನೌಕೆಯಿಂದ ಹೊರಟ ಕಿರಣವು ದೂರದ ಇನ್ನೊಂದು ನೌಕೆಯನ್ನು ಹಿಡಿದು ತನ್ನತ್ತ ಎಳೆದುಕೊಳ್ಳುವುದು ಆ ಕಲ್ಪನೆಯ ತಿರುಳು. ಇದನ್ನು ಕನ್ನಡದಲ್ಲಿ ‘ಸೆಳೆಕಿರಣ’ ಎಂದು ಕರೆಯಬಹುದು. 2010ರಿಂದೀಚೆಗೆ ಇಂತಹ ಕಿರಣ ‘ನಿಜವಾಗಿದೆ’ ಎಂಬ ಸುದ್ದಿ ಹಲವು ಬಾರಿ ಪ್ರಕಟವಾಗಿದೆ. ಆದರೆ ಈ ಒಂದೇ ಹೆಸರಿನಡಿ ಪರಸ್ಪರ ಭಿನ್ನವಾದ ಮೂರು ಪ್ರಕ್ರಿಯೆಗಳು ಸೇರಿಕೊಂಡಿವೆ. ಅವುಗಳನ್ನು ಬೇರ್ಪಡಿಸಿ, ಪ್ರತಿಯೊಂದರ ಸಾಮರ್ಥ್ಯವನ್ನೂ ಮಿತಿಯನ್ನೂ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ತಳ್ಳುವ ಬೆಳಕು

ಬೆಳಕಿನ ಸಹಜ ಧರ್ಮ ತಳ್ಳುವುದೇ ಹೊರತು ಸೆಳೆಯುವುದಲ್ಲ. ಧೂಮಕೇತುಗಳ ಬಾಲ ಸದಾ ಸೂರ್ಯನಿಗೆ ವಿಮುಖವಾಗಿರುವುದಕ್ಕೆ ಸೂರ್ಯಕಿರಣಗಳೇ ಕಾರಣವಿರಬೇಕೆಂದು ಕೆಪ್ಲರ್ 1619ರಲ್ಲಿಯೇ ಸೂಚಿಸಿದ್ದನು. ಮ್ಯಾಕ್ಸ್‌ವೆಲ್ 1873ರಲ್ಲಿ ತನ್ನ ವಿದ್ಯುತ್ಕಾಂತೀಯ ಸಿದ್ಧಾಂತದಿಂದ ಬೆಳಕಿನ ಒತ್ತಡದ ಪ್ರಮಾಣವನ್ನು ನಿಗಮಿಸಿದನು. 1901ರಲ್ಲಿ ರಷ್ಯಾದ ಪ್ಯೋತರ್ ಲೆಬೆಡೆವ್ ಹಾಗೂ ಅಮೆರಿಕದ ನಿಕೋಲ್ಸ್ ಮತ್ತು ಹಲ್ ಅವರು ತಮ್ಮ ಪ್ರಯೋಗಗಳ ಮೂಲಕ ಈ ಒತ್ತಡದ ಇರವನ್ನು ತೋರಿಸಿಕೊಟ್ಟರು.

ಈ ಬಲ ಎಷ್ಟು ಅಲ್ಪವೆಂಬುದನ್ನು ಮೊದಲೇ ಮನಗಾಣುವುದು ಅವಶ್ಯ. 1 ವಾಟ್ ಸಾಮರ್ಥ್ಯದ ಲೇಸರ್ ಕಿರಣವು ಪರಿಪೂರ್ಣ ಕನ್ನಡಿಯೊಂದರ ಮೇಲೆ ನೇರವಾಗಿ ಬಿದ್ದು ಮರಳಿದಾಗ ಉಂಟಾಗುವ ಬಲ ಸುಮಾರು 6.7 ನ್ಯಾನೋನ್ಯೂಟನ್, ಅಂದರೆ ಸುಮಾರು 0.7 ಮೈಕ್ರೋಗ್ರಾಂ ದ್ರವ್ಯರಾಶಿಯ ತೂಕದಷ್ಟು. ನಮ್ಮ ಶರಾವತಿ ಜಲವಿದ್ಯುದಾಗಾರದ ಸ್ಥಾಪಿತ ಸಾಮರ್ಥ್ಯ 1035 ಮೆಗಾವಾಟ್. ಅದೆಲ್ಲವನ್ನೂ ಒಂದಿನಿತೂ ನಷ್ಟವಿಲ್ಲದೆ ಬೆಳಕಾಗಿ ಪರಿವರ್ತಿಸಿ ಕನ್ನಡಿಯೊಂದರ ಮೇಲೆ ಕೆಳಗಿನಿಂದ ಹರಿಸಿದರೂ ಎತ್ತಿಹಿಡಿಯಬಹುದಾದ ಭಾರ 700 ಗ್ರಾಂ ಮಾತ್ರ. ಸೆಳೆಕಿರಣದ ಕುರಿತ ಯಾವುದೇ ಚರ್ಚೆಯೂ ಈ ಲೆಕ್ಕವನ್ನು ಮರೆಯುವಂತಿಲ್ಲ.

ಮೊದಲನೆಯ ಸೆಳೆತ: ನಾಭಿಯತ್ತ

ಇಷ್ಟು ಅಲ್ಪ ಬಲವೂ ಸೂಕ್ಷ್ಮಕಣಗಳ ಲೋಕದಲ್ಲಿ ಗಣನೀಯವಾಗುತ್ತದೆ ಎಂಬುದನ್ನು ಕಂಡುಕೊಂಡವರು ಅಮೆರಿಕದ ಬೆಲ್ ಪ್ರಯೋಗಾಲಯದ ಆರ್ಥರ್ ಆಶ್ಕಿನ್. ಅವರು 1970ರಲ್ಲಿ ನೀರಿನಲ್ಲಿ ತೇಲುವ ಸೂಕ್ಷ್ಮ ಗೋಲಗಳ ಮೇಲೆ ಲೇಸರ್ ಹಾಯಿಸಿದಾಗ ಅವು ನಿರೀಕ್ಷೆಯಂತೆ ಮುಂದಕ್ಕೆ ತಳ್ಳಲ್ಪಟ್ಟವು. ಆದರೆ ಅದರೊಂದಿಗೆ ಅಂಚಿನಲ್ಲಿದ್ದ ಗೋಲಗಳು ಕಿರಣದ ನಡುವಿನತ್ತ, ಅಂದರೆ ಬೆಳಕು ಹೆಚ್ಚು ತೀವ್ರವಾಗಿರುವೆಡೆಗೆ, ಸೆಳೆಯಲ್ಪಟ್ಟವು. ತೀವ್ರತೆಯ ಏರಿಳಿತದಿಂದ ಹುಟ್ಟುವ ಈ ಬಲಕ್ಕೆ ಪ್ರವಣತಾ ಬಲ ಎಂದು ಹೆಸರು.

1986ರಲ್ಲಿ ಆಶ್ಕಿನ್, ಜೀಡ್ಜಿಕ್, ಬ್ಯೋರ್ಕ್‌ಹೋಮ್ ಮತ್ತು ಸ್ಟೀವನ್ ಚೂ ಅವರು ಒಂದೇ ಕಿರಣವನ್ನು ಪ್ರಬಲ ಮಸೂರದಿಂದ ಬಿಗಿಯಾಗಿ ನಾಭೀಕರಿಸಿ, 10 ಮೈಕ್ರೋಮೀಟರ್‌ನಿಂದ ಸುಮಾರು 25 ನ್ಯಾನೋಮೀಟರ್‌ವರೆಗಿನ ಕಣಗಳನ್ನು ನಾಭಿಯಲ್ಲಿಯೇ ಹಿಡಿದು ನಿಲ್ಲಿಸಿದರು. ಇದೇ ‘ಬೆಳಕಿನ ಚಿಮಟ’. ನಾಭಿಯನ್ನು ದಾಟಿ ಮುಂದೆ ಸರಿದ ಪಾರದರ್ಶಕ ಕಣವು, ಹರಡಿಕೊಳ್ಳುತ್ತಿರುವ ಕಿರಣಗಳನ್ನು ವಕ್ರೀಭವನದಿಂದ ಮುಂದಕ್ಕೆ ಬಾಗಿಸುತ್ತದೆ. ಬೆಳಕಿಗೆ ಮುಮ್ಮುಖ ಸಂವೇಗ ಹೆಚ್ಚಿದಷ್ಟೂ, ಸಂವೇಗ ಸಂರಕ್ಷಣಾ ನಿಯಮದಂತೆ, ಕಣಕ್ಕೆ ಹಿಮ್ಮುಖ ಸಂವೇಗ ಒದಗಲೇಬೇಕು. ಆದುದರಿಂದ ಕಣ ನಾಭಿಗೆ ಹಿಂತಿರುಗುತ್ತದೆ.

1987ರಲ್ಲಿ ವೈರಸ್ ಮತ್ತು ಜೀವಂತ ಬ್ಯಾಕ್ಟೀರಿಯಾಗಳು ಈ ಚಿಮಟಕ್ಕೆ ಸಿಕ್ಕವು. 1993ರಲ್ಲಿ ಜೀವಕೋಶದೊಳಗೆ ಸರಕು ಸಾಗಿಸುವ ಕೈನೆಸಿನ್ ಎಂಬ ಪ್ರೋಟೀನಿನ 8 ನ್ಯಾನೋಮೀಟರ್ ಉದ್ದದ ಹೆಜ್ಜೆಗಳನ್ನು ಅಳೆಯಲು ಇದು ನೆರವಾಯಿತು. ಆಶ್ಕಿನ್ 2018ರಲ್ಲಿ, ತಮ್ಮ 96ನೆಯ ವಯಸ್ಸಿನಲ್ಲಿ, ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯ ಅರ್ಧಭಾಗಕ್ಕೆ ಭಾಜನರಾದರು. ಆದರೂ ಇದು ಕಥೆಗಾರರು ಕಲ್ಪಿಸಿದ ಸೆಳೆಕಿರಣವಲ್ಲ. ಇಲ್ಲಿ ಸೆಳೆತವಿರುವುದು ಬೆಳಕಿನ ಆಕರದತ್ತ ಅಲ್ಲ, ನಾಭಿಯತ್ತ. ನಾಭಿಯಿಂದ ಕೆಲವು ಮೈಕ್ರೋಮೀಟರ್ ದೂರ ಸರಿದರೆ ಹಿಡಿತ ತಪ್ಪುತ್ತದೆ.

ಎರಡನೆಯ ಸೆಳೆತ: ಆಕರದತ್ತ

ನಾಭಿಯ ನೆರವಿಲ್ಲದೆ, ಕಿರಣದುದ್ದಕ್ಕೂ ಆಕರದತ್ತಲೇ ವಸ್ತುವನ್ನು ಎಳೆಯುವುದು ಸಾಧ್ಯವೆ? ನೇರವಾಗಿ ಹರಿಯುವ ಸಮತಲ ಅಲೆಯಿಂದ ಅದು ಸಾಧ್ಯವಿಲ್ಲ. ಅದರ ಪ್ರತಿಯೊಂದು ಫೋಟಾನಿನ ಪೂರ್ಣ ಸಂವೇಗ ಮೊದಲೇ ಮುಂದಿಕ್ಕಿನಲ್ಲಿರುತ್ತದೆ. ವಸ್ತು ಅದನ್ನು ಇನ್ನಷ್ಟು ಮುಂದಕ್ಕೆ ಎಸೆಯಲಾರದು. ಆದರೆ ಫೋಟಾನುಗಳು ಅಕ್ಷಕ್ಕೆ ಓರೆಯಾಗಿ, ಶಂಕುವಿನ ಮೇಲ್ಮೈಯಲ್ಲಿ ಹರಿದಂತೆ, ಸುತ್ತಲಿಂದ ಬಂದು ಸೇರಿದರೆ ಪರಿಸ್ಥಿತಿ ಬದಲಾಗುತ್ತದೆ. 60 ಡಿಗ್ರಿ ಓರೆಯಲ್ಲಿ ಬರುವ ಫೋಟಾನಿಗೆ ಅಕ್ಷದ ದಿಕ್ಕಿನಲ್ಲಿರುವುದು ತನ್ನ ಸಂವೇಗದ ಅರ್ಧಾಂಶ ಮಾತ್ರ. ವಸ್ತುವು ಅದನ್ನು ನೇರ ಮುಂದಕ್ಕೆ ಚದುರಿಸಿದರೆ ಉಳಿದ ಅರ್ಧಾಂಶವನ್ನು ವಸ್ತುವೇ ತೆರಬೇಕಾಗುತ್ತದೆ. ಈ ತೆರಿಗೆಯೇ ಸೆಳೆತ.

ಇಂತಹ ಓರೆ ಅಲೆಗಳ ವ್ಯತಿಕರಣದಿಂದ ರೂಪುಗೊಳ್ಳುವ ಬೆಸೆಲ್ ಕಿರಣವೂ ತತ್ಸಮಾನ ರಚನೆಗಳೂ ವಸ್ತುವನ್ನು ಹಿಂದಕ್ಕೆ ಎಳೆಯಬಲ್ಲವೆಂದು 2011ರಲ್ಲಿ ಹಲವು ತಂಡಗಳು ಸೈದ್ಧಾಂತಿಕವಾಗಿ ನಿರೂಪಿಸಿದವು. ಅದಕ್ಕೂ ಮೊದಲೇ, 2010ರಲ್ಲಿ, ನ್ಯೂಯಾರ್ಕ್ ವಿಶ್ವವಿದ್ಯಾಲಯದ ಡೇವಿಡ್ ಗ್ರಿಯರ್ ಅವರ ತಂಡ ತಿರುಪಿನಂತೆ ಸುರುಳಿಯಾದ ಕಿರಣವೊಂದನ್ನು ರಚಿಸಿ, ನೀರಿನಲ್ಲಿದ್ದ ಸೂಕ್ಷ್ಮಗೋಲಗಳನ್ನು ಬೆಳಕಿನ ಹರಿವಿಗೆ ಎದುರಾಗಿ ನಡೆಸಿತ್ತು. 2013ರಲ್ಲಿ ಜೆಕ್ ಗಣರಾಜ್ಯದ ಬ್ರನೋ ಮತ್ತು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಸಂಶೋಧಕರು ಕೂಡಿ ನಡೆಸಿದ ಪ್ರಯೋಗದಲ್ಲಿ ಪಾಲಿಸ್ಟೈರೀನ್ ಕಣಗಳ ಚಲನೆಯ ದಿಕ್ಕು ಅವುಗಳ ಗಾತ್ರವನ್ನೂ ಬೆಳಕಿನ ಧ್ರುವೀಕರಣವನ್ನೂ ಅವಲಂಬಿಸಿತ್ತು. ಒಂದು ಗಾತ್ರದ ಕಣ ಮುಂದೆ, ಇನ್ನೊಂದು ಗಾತ್ರದ್ದು ಹಿಂದೆ! ಕಣಗಳನ್ನು ಗಾತ್ರಾನುಸಾರ ವಿಂಗಡಿಸುವ ವಿಧಾನ ಇದರಿಂದ ದೊರೆತಂತಾಯಿತು.

ತತ್ತ್ವತಃ ಇದೇ ನಿಜವಾದ ಸೆಳೆಕಿರಣ. ಆದರೆ ಅದರ ಮಿತಿಯೂ ಅದೇ ತತ್ತ್ವದಲ್ಲಿ ಅಡಗಿದೆ ಎಂಬುದು ಗಮನಾರ್ಹ. ಓರೆಯಾಗಿ ಬರುವ ಅಲೆಗಳು ಅಕ್ಷದ ಮೇಲೆ ಸಂಧಿಸುವುದು ಸೀಮಿತ ದೂರದವರೆಗೆ ಮಾತ್ರ. ಆ ದೂರವನ್ನು ನಿರ್ಧರಿಸುವುದು ಕಿರಣ ಹೊರಡುವ ದ್ವಾರದ ಅಗಲ. 60 ಡಿಗ್ರಿ ಓರೆಯಿಂದ 1 ಕಿಲೋಮೀಟರ್ ದೂರದ ವಸ್ತುವನ್ನು ಸೆಳೆಯಬೇಕಾದರೆ ದ್ವಾರದ ತ್ರಿಜ್ಯ 1.7 ಕಿಲೋಮೀಟರಿಗೂ ಹೆಚ್ಚಿರಬೇಕು. ಓರೆಯನ್ನು 10 ಡಿಗ್ರಿಗೆ ಇಳಿಸಿದರೆ ತ್ರಿಜ್ಯ 180 ಮೀಟರಿನ ಆಸುಪಾಸಿಗೆ ಇಳಿಯುತ್ತದೆ ನಿಜ. ಆದರೆ ವಸ್ತು ತೆರಬೇಕಾದ ಸಂವೇಗಾಂಶವೂ ಶೇಕಡ 50ರಿಂದ ಶೇಕಡ 1.5ಕ್ಕೆ ಕುಸಿಯುತ್ತದೆ. ಅಷ್ಟು ಅಲ್ಪಾಂಶವು ಕಣ ಹಿಂದಕ್ಕೆ ಪ್ರತಿಫಲಿಸುವ ಅಥವಾ ಹೀರಿಕೊಳ್ಳುವ ಕಿಂಚಿತ್ ಬೆಳಕಿನ ತಳ್ಳುವಿಕೆಯಲ್ಲಿಯೇ ಮುಳುಗಿಹೋಗಬಹುದು. ದೂರ ಮತ್ತು ಬಲ, ಒಂದನ್ನು ಬಯಸಿದರೆ ಇನ್ನೊಂದನ್ನು ಬಿಟ್ಟುಕೊಡಬೇಕು. ಉಪಕರಣಗಳು ಎಷ್ಟೇ ಸುಧಾರಿಸಿದರೂ ಈ ಜ್ಯಾಮಿತಿ ಬದಲಾಗದು.

ಮೂರನೆಯ ಸೆಳೆತ: ಗಾಳಿಯ ನೆರವಿನಿಂದ

2014ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ವಿಶ್ವವಿದ್ಯಾಲಯದ ತಂಡವೊಂದು ಚಿನ್ನದ ಲೇಪವಿರುವ, ಒಳಗೆ ಟೊಳ್ಳಾದ ಗಾಜಿನ ಗೋಲಗಳನ್ನು ಲೇಸರ್‌ನಿಂದ 20 ಸೆಂಟಿಮೀಟರ್‌ವರೆಗೆ ಚಲಿಸುವಂತೆ ಮಾಡಿತು. ಗೋಲಗಳ ವ್ಯಾಸ ಸುಮಾರು 0.2 ಮಿಲಿಮೀಟರ್. ಹಿಂದಿನ ಪ್ರಯೋಗಗಳಿಗೆ ಹೋಲಿಸಿದರೆ ಈ ದೂರ ಸುಮಾರು 100 ಪಟ್ಟು ಅಧಿಕ. ಆದರೆ ಇಲ್ಲಿ ಸೆಳೆದದ್ದು ಬೆಳಕಿನ ಸಂವೇಗವಲ್ಲ. ಬಳೆಯಾಕಾರದ ಕಿರಣದ ಕತ್ತಲ ನಡುವಿನಲ್ಲಿ ನಿಂತ ಗೋಲದ ಮೈಯನ್ನು ಬೆಳಕು ಅಲ್ಲಲ್ಲಿ ಕಾಯಿಸುತ್ತದೆ. ಕಾದ ಭಾಗಕ್ಕೆ ತಾಗಿದ ಗಾಳಿಯ ಅಣುಗಳು ಹೆಚ್ಚಿನ ವೇಗದಿಂದ ಪುಟಿದು ಗೋಲವನ್ನು ವಿರುದ್ಧ ದಿಕ್ಕಿಗೆ ನೂಕುತ್ತವೆ. ಧ್ರುವೀಕರಣವನ್ನು ಬದಲಿಸಿ ಬಿಸಿಯಾಗುವ ಜಾಗವನ್ನು ಹಿಂದು ಮುಂದು ಮಾಡಿದಂತೆ ಗೋಲವು ಮುಂದೆ ಸಾಗುತ್ತದೆ, ಹಿಂದೆ ಬರುತ್ತದೆ ಅಥವಾ ನಿಲ್ಲುತ್ತದೆ. 2023ರಲ್ಲಿ ಚೀನಾದ ಕಿಂಗ್‌ಡಾವ್ ನಗರದ ಸಂಶೋಧಕರು ವಿರಳ ಅನಿಲದಲ್ಲಿ ಗ್ರಾಫೀನ್ ಬೆರೆತ ವಸ್ತುವೊಂದನ್ನು, ಕಣ್ಣಿಗೆ ಕಾಣುವ ಗಾತ್ರದ್ದನ್ನು, ಇದೇ ಬಗೆಯ ಉಷ್ಣಪರಿಣಾಮದಿಂದ ಸೆಳೆದು ತೋರಿಸಿದರು. ಅಲ್ಲಿ ದೊರೆತ ಬಲ ಬೆಳಕಿನ ಒತ್ತಡಕ್ಕಿಂತ ಸಾವಿರ ಪಟ್ಟು ಮಿಗಿಲಾಗಿತ್ತು.

ಇಲ್ಲಿ ಇತಿಹಾಸದ ಒಂದು ವ್ಯಂಗ್ಯವಿದೆ. 1870ರ ದಶಕದಲ್ಲಿ ವಿಲಿಯಂ ಕ್ರೂಕ್ಸ್ ತನ್ನ ವಿಕಿರಣಮಾಪಕದ ರೆಕ್ಕೆಗಳು ತಿರುಗುವುದನ್ನು ಕಂಡು ಅದನ್ನು ಬೆಳಕಿನ ಒತ್ತಡವೆಂದೇ ಬಗೆದಿದ್ದನು. ವಾಸ್ತವದಲ್ಲಿ ಅದು ಉಳಿದ ಅನಿಲದ ಉಷ್ಣಪರಿಣಾಮವಾಗಿತ್ತು. ಲೆಬೆಡೆವ್ ಪಟ್ಟ ಶ್ರಮದ ಬಹುಪಾಲು ಈ ಪರಿಣಾಮವನ್ನು ನಿವಾರಿಸುವುದಕ್ಕೇ ಮೀಸಲಾಗಿತ್ತು. ಅಂದು ದೋಷವೆಂದು ಹೊರದೂಡಿದ್ದೇ ಇಂದು ಸಾಧನವಾಗಿದೆ. ಆದರೆ ಗಾಳಿಯೇ ಇಲ್ಲದ ಅಂತರಿಕ್ಷದಲ್ಲಿ, ಅಂದರೆ ಕಥೆಯ ಸೆಳೆಕಿರಣ ಕೆಲಸ ಮಾಡಬೇಕಾದ ಎಡೆಯಲ್ಲಿಯೇ, ಈ ಸಾಧನ ನಿರುಪಯುಕ್ತ.

ಸಮಾರೋಪ

ಮೇಲಿನ ವಿವೇಚನೆಯಿಂದ ಸ್ಪಷ್ಟವಾಗುವ ಸಂಗತಿ ಇಷ್ಟು: ಬೆಳಕು ಸೆಳೆಯಬಲ್ಲದು, ಆದರೆ ಪ್ರತಿಯೊಂದು ಸೆಳೆತಕ್ಕೂ ಸಮಾನವಾದ ಸಂವೇಗವನ್ನು ಬೆಳಕೋ ಅನಿಲವೋ ಎದುರು ದಿಕ್ಕಿನಲ್ಲಿ ಹೊತ್ತೊಯ್ಯಬೇಕು. ಈ ಲೆಕ್ಕವನ್ನು ಮೊದಲು ಕೇಳಿದರೆ ಯಾವ ಪ್ರಯೋಗ ಏನನ್ನು ಸಾಧಿಸಿದೆ, ಯಾವುದನ್ನು ಸಾಧಿಸಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ 2011ರಲ್ಲಿ ಈ ವಿಷಯದ ಅಧ್ಯಯನಕ್ಕೆ 1,00,000 ಡಾಲರ್ ನೀಡಿದಾಗಲೂ ಅದರ ಗುರಿ ನೌಕೆಗಳನ್ನು ಎಳೆಯುವುದಾಗಿರಲಿಲ್ಲ. ಧೂಳಿನ ಕಣಗಳನ್ನೂ ವಾತಾವರಣದ ಮಾದರಿಗಳನ್ನೂ ಸಂಗ್ರಹಿಸುವುದಾಗಿತ್ತು.

‘ಸೆಳೆಕಿರಣ ನಿಜವಾಯಿತು’ ಎಂಬ ಘೋಷಣೆ ಓದುಗರಲ್ಲಿ ಕುತೂಹಲವನ್ನು ಮೂಡಿಸುತ್ತದೆ, ಅದು ಸ್ವಾಗತಾರ್ಹವೇ. ಆದರೆ ಮೂರು ಭಿನ್ನ ಪ್ರಕ್ರಿಯೆಗಳಿಗೆ ಒಂದೇ ಹೆಸರನ್ನು ತೊಡಿಸಿದಾಗ ಒಂದರ ದೂರ, ಇನ್ನೊಂದರ ಬಲ, ಮತ್ತೊಂದರ ನಿಖರತೆ ಒಟ್ಟುಗೂಡಿ, ಎಲ್ಲಿಯೂ ಇಲ್ಲದ ನಾಲ್ಕನೆಯ ಯಂತ್ರವೊಂದು ಓದುಗನ ಮನಸ್ಸಿನಲ್ಲಿ ನಿರ್ಮಾಣವಾಗುತ್ತದೆ. ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವವರು ಈ ಮೂರಕ್ಕೂ ಪ್ರತ್ಯೇಕ ಹೆಸರುಗಳನ್ನು ರೂಢಿಗೆ ತರುವುದು ಉಚಿತ. ನಾಭಿಯತ್ತ ಎಳೆಯುವುದು ಬೆಳಕಿನ ಚಿಮಟ, ಆಕರದತ್ತ ಎಳೆಯುವುದು ಸೆಳೆಕಿರಣ, ಗಾಳಿಯನ್ನು ಕಾಯಿಸಿ ನೂಕುವುದು ಉಷ್ಣಸೆಳೆತ. ಹೆಸರು ಸ್ಪಷ್ಟವಾದರೆ ನೌಕೆಯನ್ನು ಎಳೆಯಲಾರದ ಇದೇ ಬೆಳಕು ಒಂದು ಪ್ರೋಟೀನಿನ ಹೆಜ್ಜೆಯನ್ನು ಅಳೆದದ್ದು ಅದೆಷ್ಟು ದೊಡ್ಡ ಸಾಧನೆ ಎಂಬುದೂ ಮನದಟ್ಟಾಗುತ್ತದೆ.