‘ಕಳ್ಳಿ’ ಎಂಬ ಪದ ಮತ್ತು ಸಸ್ಯವರ್ಗೀಕರಣ: ಕಲಬುರಗಿ–ಕಮಲಾಪುರ ಪರಿಸರವನ್ನು ಅನುಲಕ್ಷಿಸಿ

ಕಲಬುರಗಿ ನಗರದಿಂದ ಹುಮನಾಬಾದ ಮಾರ್ಗವಾಗಿ ಕಮಲಾಪುರದ ಕಡೆಗೆ ಸಾಗುವಾಗ ಹೊಲದ ಬದು, ಬೇಲಿ, ಕಲ್ಲುನೆಲಗಳಲ್ಲಿ ಕಾಣುವ ಹಲವು ಗಿಡಗಳಿಗೆ ಜನ ಒಂದೇ ಹೆಸರನ್ನು ಹೇಳುತ್ತಾರೆ: ಕಳ್ಳಿ. ಕನ್ನಡದಲ್ಲಿ ಬಳಕೆಯಲ್ಲಿರುವ ಬೊಂತೆಗಳ್ಳಿ, ಎಲೆಗಳ್ಳಿ, ಚದುರಗಳ್ಳಿ, ಡಬಗಳ್ಳಿ ಎಂಬ ಸಮಾಸಗಳಲ್ಲಿ ಉತ್ತರಪದವು ಕುಲವನ್ನು ಹೇಳಿದರೆ ಪೂರ್ವಪದವು ಭೇದವನ್ನು ಹೇಳುತ್ತದೆ. ಈ ದೇಶೀಯ ವರ್ಗೀಕರಣವು ಸಸ್ಯಶಾಸ್ತ್ರದೊಡನೆ ಎಲ್ಲಿ ಕೂಡುತ್ತದೆ, ಎಲ್ಲಿ ಅಗಲುತ್ತದೆ ಎಂಬುದು ನಿಘಂಟುಕಾರನಿಗೂ ಪ್ರಾಚೀನ ಪಠ್ಯಗಳ ವ್ಯಾಖ್ಯಾನಕಾರನಿಗೂ ಸಂಬಂಧಿಸಿದ ಪ್ರಶ್ನೆಯಾಗಿದೆ.

ಸಸ್ಯಶಾಸ್ತ್ರವು ಕಳ್ಳಿಯನ್ನು ಮುಳ್ಳಿನಿಂದಲೂ ದಪ್ಪ ಕಾಂಡದಿಂದಲೂ ಗುರುತಿಸುವುದಿಲ್ಲ, ಹೂವಿನಿಂದ ಗುರುತಿಸುತ್ತದೆ. ಸುಮಾರು 2000 ಪ್ರಭೇದಗಳಿರುವ ಯುಫೋರ್ಬಿಯಾ ಕುಲದಲ್ಲಿ ಒಂದೇ ಹೂವಿನಂತೆ ತೋರುವುದು ವಾಸ್ತವವಾಗಿ ಒಂದು ಪುಟ್ಟ ಬಟ್ಟಲಿನಾಕಾರದ ಹೂಗೊಂಚಲು. ಅದರ ನಡುವೆ ಒಂದು ಹೆಣ್ಣುಹೂ, ಸುತ್ತಲೂ ಒಂದೊಂದೇ ಕೇಸರವುಳ್ಳ ಗಂಡುಹೂಗಳು. ಇದಕ್ಕೆ ಸಯಾಥಿಯಂ ಎಂದು ಹೆಸರು. ಗಿಡವನ್ನು ಗೀರಿದರೆ ಒಸರುವ ಬಿಳಿಹಾಲು ಈ ಕುಲದ ಇನ್ನೊಂದು ಲಕ್ಷಣ. ಆದರೆ ಹಾಲು ಎಕ್ಕದಲ್ಲಿಯೂ ಇರುವುದರಿಂದ ಅದೊಂದೇ ಸಾಲದು. ಇತ್ತೀಚಿನ ದಶಕಗಳ ಡಿ.ಎನ್.ಎ. ಆಧಾರಿತ ಅಧ್ಯಯನಗಳು ಈ ಕುಲವನ್ನು ನಾಲ್ಕು ಉಪಕುಲಗಳಾಗಿ ವಿಂಗಡಿಸಿವೆ.

ಪೆನ್ಸಿಲಿನಂಥ ಹಸಿರು ಕೊಂಬೆಗಳ, ಮುಳ್ಳಿಲ್ಲದ ಬೊಂತೆಗಳ್ಳಿ. ತುದಿಯಲ್ಲಿ ತಿರುಳಿನ ಎಲೆಗಳಿರುವ ಎಲೆಗಳ್ಳಿ. ಮೂರರಿಂದ ಐದು ಏಣುಗಳುಳ್ಳ ಚದುರಗಳ್ಳಿ – ಈ ಮೂರೂ ಒಂದೇ ಉಪಕುಲಕ್ಕೆ ಸೇರುತ್ತವೆ. ಇಲ್ಲಿ ಜನರ ಕಣ್ಣು ಮತ್ತು ಶಾಸ್ತ್ರ ಒಂದಾಗಿವೆ. ಬೊಂತೆಗಳ್ಳಿಗೆ ಲಿನೀಯಸ್ 1753ರಲ್ಲಿ ಇಟ್ಟ ‘ತಿರುಕಳ್ಳಿ’ ಎಂಬ ಪ್ರಭೇದನಾಮವು 17ನೆಯ ಶತಮಾನದ ‘ಹೋರ್ಟಸ್ ಮಲಬಾರಿಕಸ್’ನಲ್ಲಿ ದಾಖಲಾದ ಮಲಯಾಳಂ ಹೆಸರು. ಗಿಡದ ಮೂಲ ಆಫ್ರಿಕಾವಾದರೂ ಅದರ ಶಾಸ್ತ್ರೀಯ ಹೆಸರಿನಲ್ಲಿ ನಮ್ಮ ದ್ರಾವಿಡ ಪದವೇ ಉಳಿದಿದೆ.

ಡಬಗಳ್ಳಿ ಅಥವಾ ಪಾಪಾಸುಕಳ್ಳಿಯ ಸಂಗತಿ ಬೇರೆ. ಪಾಪಾಸು ಎಂದರೆ ಚಪ್ಪಲಿ. ಚಪ್ಪಟೆ ಕಾಂಡಕ್ಕೆ ಹೊಂದುವ ಹೆಸರು. ಇದು ಅಮೆರಿಕ ಖಂಡದಿಂದ ಬಂದ ಒಪುನ್ಷಿಯಾ, ಕ್ಯಾಕ್ಟಸ್ ಕುಟುಂಬದ್ದು. ಇದರಲ್ಲಿ ಹಾಲಿಲ್ಲ. ಎಲೆಗಳ್ಳಿ, ಚದುರಗಳ್ಳಿಗಳ ಮುಳ್ಳು ಜೋಡಿಜೋಡಿಯಾಗಿದ್ದರೆ ಇದರ ಮುಳ್ಳು ಗುಂಪುಗುಂಪಾಗಿ ಏಳುತ್ತದೆ. ಒಣನೆಲದ ಬದುಕು ಎರಡಕ್ಕೂ ಒಂದೇ ಬಗೆಯ ಮೈ ಕೊಟ್ಟಿದೆ, ಅಷ್ಟೆ. ಕೊಲಂಬಸನ 1492ರ ಯಾನಕ್ಕೆ ಮೊದಲು ಈ ಗಿಡ ಇಲ್ಲಿರುವುದು ಸಾಧ್ಯವಿಲ್ಲ. ಆದ್ದರಿಂದ ಅದಕ್ಕೂ ಹಿಂದಿನ ಕನ್ನಡ ಕೃತಿಯೊಂದರಲ್ಲಿ ‘ಕಳ್ಳಿ’ ಬಂದರೆ ಅದನ್ನು ‘ಕ್ಯಾಕ್ಟಸ್’ ಎಂದು ಅರ್ಥೈಸುವುದಾಗಲಿ ಅನುವಾದಿಸುವುದಾಗಲಿ ತಪ್ಪಾಗುತ್ತದೆ. ಹಾಗೆ ಮಾಡಿದಾಗ ಹೆಸರಷ್ಟೇ ಅಲ್ಲ, ಕಳ್ಳಿಯ ಹಾಲೂ ಪಠ್ಯದಿಂದ ಜಾರಿಹೋಗುತ್ತದೆ.

ಆ ಹಾಲು ಅರ್ಥಸಮೃದ್ಧವಾದುದು. ನೋಟಕ್ಕೆ ಹಸುವಿನ ಹಾಲು. ಚರ್ಮಕ್ಕೆ ತಾಗಿದರೆ ಉರಿ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಒಡನೆ ನೀರಿನಿಂದ ಚೆನ್ನಾಗಿ ತೊಳೆದು ವೈದ್ಯರಲ್ಲಿಗೆ ಹೋಗಬೇಕಾಗುತ್ತದೆ. ಚರಕಸಂಹಿತೆಯ ಕಲ್ಪಸ್ಥಾನವು ಇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ವಿರೇಚಕಗಳಲ್ಲಿ ಅತಿ ತೀಕ್ಷ್ಣವೆಂದು ಎಚ್ಚರಿಸುತ್ತದೆ. ಅಲ್ಲಿ ಗಿಡದ ಹೆಸರು ‘ಸುಧಾ’. ಅಮೃತಕ್ಕೂ ಅದೇ ಹೆಸರು. ಸ್ನುಹಿ ಎಂಬ ಪರ್ಯಾಯನಾಮದ ಎಲೆಗಳ್ಳಿಯ ಹಾಲನ್ನು ಕ್ಷಾರಸೂತ್ರಕ್ಕೆ ಲೇಪಿಸುವ ಪದ್ಧತಿ ಆಯುರ್ವೇದದಲ್ಲಿ ಇಂದಿಗೂ ಇದೆ.

ಇದಕ್ಕೆ ತದ್ವಿರುದ್ಧವಾದ ನಿದರ್ಶನ ಅಚ್ಚೆಗಿಡ. ದಾರಿಬದಿಯಲ್ಲಿ ನೆಲಕ್ಕೆ ಹತ್ತಿ ಬೆಳೆಯುವ ಈ ಪುಟ್ಟ ಕಳೆಗೆ ಮುಳ್ಳೂ ಇಲ್ಲ, ದಪ್ಪ ಕಾಂಡವೂ ಇಲ್ಲ. ಆದರೆ ಬಟ್ಟಲಿನ ಹೂಗೊಂಚಲೂ ಹಾಲೂ ಇರುವುದರಿಂದ ಅದು ನಿಜವಾದ ಯುಫೋರ್ಬಿಯಾ. ಕನ್ನಡವು ಕಳ್ಳಿಯಲ್ಲದ ಪಾಪಾಸನ್ನು ಕಳ್ಳಿಯೆಂದು ಕರೆದು, ಕಳ್ಳಿಯ ಬಳಗದ ಅಚ್ಚೆಗಿಡಕ್ಕೆ ಬೇರೆಯೇ ಹೆಸರಿಟ್ಟಿದೆ. ನಿಘಂಟಿನ ‘ಕಳ್ಳಿ’ ಉಲ್ಲೇಖದಲ್ಲಿ ‘ಮುಳ್ಳಿನ ಗಿಡ’ ಎಂಬುದಕ್ಕಿಂತ ಮೊದಲು ‘ಹಾಲು ಒಸರುವ ಗಿಡ’ ಎಂಬ ಅರ್ಥ ಬರಬೇಕು. ಪಾಪಾಸುಕಳ್ಳಿಯನ್ನು ಸಾದೃಶ್ಯದಿಂದ ಬಂದ ಎರಡನೆಯ ಅರ್ಥವಾಗಿ ಬೇರೆ ಕೊಡುವುದು ಯುಕ್ತ.