ಲೆಕ್ಕಕ್ಕೆ ಸೇರದ ಗುಂಡುಗಳು

2024ರ ಆಗಸ್ಟ್ 1ರಂದು ಫ್ರಾನ್ಸಿನ ಶಾಟೊರೂದಲ್ಲಿ ಕೊಲ್ಹಾಪುರ ಜಿಲ್ಲೆಯ ಕಾಂಬಳವಾಡಿಯ ಸ್ವಪ್ನಿಲ್ ಕುಸಾಳೆ ಒಲಿಂಪಿಕ್ ಕಂಚಿನ ಪದಕಕ್ಕೆ ಕೊರಳೊಡ್ಡಿದರು. 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಭಾರತಕ್ಕೆ ದೊರೆತ ಮೊದಲ ಪದಕವದು. ಅವರ 451.4 ಅಂಕಗಳು ಪತ್ರಿಕೆಗಳಲ್ಲಿ ಅಚ್ಚಾದವು. ಆದರೆ ಈ ಸ್ಪರ್ಧೆಯಲ್ಲಿ ಅಂಕಪಟ್ಟಿಗೆ ಎಂದೂ ಸೇರದ ಗುಂಡುಗಳೂ ಇವೆ. ಶೂಟರುಗಳು ಅವನ್ನು ‘ಸೈಟರ್’ ಎನ್ನುತ್ತಾರೆ. ರೈಫಲ್ಲಿನ ದೃಷ್ಟಿಯನ್ನು ಆ ದಿನದ ಗಾಳಿಗೂ ಬೆಳಕಿಗೂ ಹೊಂದಿಸಿಕೊಳ್ಳಲು ಹಾರಿಸುವ ಪರೀಕ್ಷಾ ಗುಂಡುಗಳಿವು.

ಈ ಹೊಂದಾಣಿಕೆ ಎಷ್ಟು ಸೂಕ್ಷ್ಮವೆಂಬುದನ್ನು ಅಳತೆಗಳೇ ಹೇಳುತ್ತವೆ. .22 ಕ್ಯಾಲಿಬರಿನ ಗುಂಡಿನ ವ್ಯಾಸ ಸುಮಾರು 5.6 ಮಿಲಿಮೀಟರ್, ಐವತ್ತು ಮೀಟರ್ ಆಚೆಯ ಹತ್ತರ ವೃತ್ತದ ವ್ಯಾಸ 10.4 ಮಿಲಿಮೀಟರ್. ದುರ್ಬೀನು ಜೋಡಿಸಿ ಗುರಿಯಿಡಲು ನಿಯಮದಲ್ಲಿ ಅವಕಾಶವಿಲ್ಲ. ಹಿಂದಿನ ಸಣ್ಣ ರಂಧ್ರದ ಮೂಲಕ ನಳಿಗೆಯ ತುದಿಯ ಉಂಗುರವನ್ನು ನೋಡಿ, ಆ ಉಂಗುರದ ನಡುವೆ ಗುರಿಹಲಗೆಯ ಕಪ್ಪು ವೃತ್ತವನ್ನು ನಿಲ್ಲಿಸಬೇಕು. ಗುಂಡು ಹಗುರ, ವೇಗ ಶಬ್ದದ ವೇಗಕ್ಕಿಂತ ಕಡಿಮೆ; ಮಂದವಾದ ಅಡ್ಡಗಾಳಿಯೂ ಅದನ್ನು ಪಕ್ಕಕ್ಕೆ ತಳ್ಳಬಲ್ಲದು.

ಅರ್ಹತಾ ಸುತ್ತಿಗೆ ಮುನ್ನ ಸಿದ್ಧತೆಗೂ ಪರೀಕ್ಷಾ ಗುಂಡುಗಳಿಗೂ ಸೇರಿ 15 ನಿಮಿಷ ಸಿಗುತ್ತದೆ. ಅನುಭವಿಯಾದವನು ಮೊದಲ ಗುಂಡು ಎಡಕ್ಕೆ ಬಿದ್ದೊಡನೆ ತಿರುಪಿಗೆ ಕೈಯಿಕ್ಕುವುದಿಲ್ಲ. ಒಂದು ಗುಂಡು ಸಾಕ್ಷ್ಯವಾಗದು. ಬಿಡುವಾಗ ಕೈ ಅಲುಗಿರಬಹುದು, ಗಾಳಿ ಆ ಕ್ಷಣಕ್ಕೆ ಬೀಸಿರಬಹುದು. ನಾಲ್ಕಾರು ಗುಂಡುಗಳು ಒಂದೆಡೆ ಗುಂಪಾಗಿ ಬಿದ್ದರೆ ಮಾತ್ರ ದೋಷ ದೃಷ್ಟಿಯಂತ್ರದ್ದೆಂದು ತೀರ್ಮಾನ. ಆಗ ಹಿಂದಿನ ರಂಧ್ರವನ್ನು ಬಲಕ್ಕೆ ಸರಿಸಬೇಕು. ಗುಂಡುಗಳು ಚದುರಿ ಬಿದ್ದರೆ ತಿರುಪಿನಿಂದ ಪ್ರಯೋಜನವಿಲ್ಲ; ತಿದ್ದಬೇಕಾದದ್ದು ಭಂಗಿ ಅಥವಾ ಉಸಿರು. ಮಂಡಿಯೂರಿ, ಬೋರಲಾಗಿ, ನಿಂತು ಹೀಗೆ ಭಂಗಿ ಬದಲಾದಾಗಲೆಲ್ಲ ಈ ವಿಚಾರಣೆ ಹೊಸದಾಗಿ ನಡೆಯುತ್ತದೆ. ಕೆನ್ನೆ ಒರಗುವ ಜಾಗವೂ ಭುಜಕ್ಕೆ ತಾಗುವ ಒದೆತವೂ ಆಗ ಬೇರೆಯಾಗಿರುತ್ತವೆ.

ಆದರೂ ದೃಷ್ಟಿಯಂತ್ರ ಕಾಯಬಲ್ಲದ್ದು ಒಂದು ಮಿತಿಯವರೆಗೆ ಮಾತ್ರ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಮ್ಯಾಥ್ಯೂ ಎಮನ್ಸ್ ಎರವಲು ತಂದ ರೈಫಲ್ಲಿನಿಂದ ಬೋರಲು ಭಂಗಿಯ ಸ್ಪರ್ಧೆಯಲ್ಲಿ ಚಿನ್ನ ಗೆದ್ದಿದ್ದರು. ಕೆಲವೇ ತಿಂಗಳ ಹಿಂದೆ ಅವರ ಸ್ವಂತ ರೈಫಲ್ಲನ್ನು ಯಾರೋ ಕೆಡಿಸಿದ್ದರು. ಎರಡು ದಿನಗಳ ಬಳಿಕ ಮೂರು ಭಂಗಿಗಳ ಫೈನಲ್‌ನಲ್ಲಿ, ಕೊನೆಯ ಗುಂಡಿಗೆ ಮುನ್ನ ಅವರು ಮೂರು ಅಂಕಗಳ ಮುನ್ನಡೆಯಲ್ಲಿದ್ದರು. ಅವರು ಗುಂಡು ಹಾರಿಸಿದರು. ಫಲಕದಲ್ಲಿ ಅಂಕ ಮೂಡಲಿಲ್ಲ. ಯಂತ್ರ ಕೆಟ್ಟಿತೆಂದು ಅವರು ಭಾವಿಸಿದರು. ಯಂತ್ರ ಸರಿಯಾಗಿಯೇ ಇತ್ತು. ಎರಡನೆಯ ಸಾಲಿನಲ್ಲಿ ನಿಂತಿದ್ದ ಎಮನ್ಸ್ ಮೂರನೆಯ ಸಾಲಿನ ಗುರಿಗೆ ಹೊಡೆದಿದ್ದರು. ಪರರ ಗುರಿಗೆ ಬಿದ್ದ ಗುಂಡಿಗೆ ನಿಯಮದಂತೆ ಸೊನ್ನೆ. ಚಿನ್ನ ಚೀನಾದ ಜಿಯಾ ಝಾನ್ಬೊ ಪಾಲಾಯಿತು, ಎಮನ್ಸ್ ಎಂಟನೆಯವರಾದರು.

ಮನಸ್ಸನ್ನು ಶಾಂತಗೊಳಿಸುವುದರಲ್ಲೇ ಮುಳುಗಿ, ಗುರಿಯ ಮೇಲಿನ ಸಂಖ್ಯೆಯನ್ನು ನೋಡುವ ರೂಢಿಯನ್ನು ಆ ಒಂದು ಸಲ ಅವರು ಬಿಟ್ಟಿದ್ದರು. ದೃಷ್ಟಿಯಂತ್ರದಲ್ಲಿ ಒಂದು ತಿರುಪಿನಷ್ಟೂ ತಪ್ಪಿರಲಿಲ್ಲ. ಎಂಟು ವರ್ಷಗಳ ನಂತರ, ಲಂಡನ್ನಿನಲ್ಲಿ, ಅದೇ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಅವರು ಕಂಚು ಪಡೆದರು.